ಹಳೆಯ ಹೈ ಕಂಪ್ರೆಷನ್ ಬೈಕ್ ಕುಟ್ಟುತ್ತಿದೆಯಾ? ನಾಕಿಂಗ್ ಮೂಲ ಹುಡುಕುವ ಸರಿಯಾದ ಕ್ರಮ

ಏರಿನಲ್ಲಿ ಗೇರ್ ಇಳಿಸದೆ ಥ್ರಾಟಲ್ ತೆರೆಯುತ್ತೀರಿ. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಟ್ಯಾಂಕಿನ ಕೆಳಗಿಂದ ಕಿಣಿಕಿಣಿ ಸದ್ದು. ಥ್ರಾಟಲ್ ಬಿಟ್ಟ ತಕ್ಷಣ ಮಾಯ. ನಾಕಿಂಗ್ ಅಂದರೆ ಇದೇ, ಸಿಲಿಂಡರ್ ಒಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವ ಸದ್ದು. ಮಿಶ್ರಣವನ್ನು ಜಾಸ್ತಿ ಒತ್ತುವ ಹೈ ಕಂಪ್ರೆಷನ್ ಎಂಜಿನ್‌ಗೆ ಇದರ ಕಾಟ ಹೆಚ್ಚು.

ಇದಾದ ಮೇಲೆ ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಮೊದಲು ಆಕ್ಟೇನ್ (ಪೆಟ್ರೋಲ್ ಕುಟ್ಟದೆ ಎಷ್ಟು ತಾಳುತ್ತದೆ ಅನ್ನುವ ಅಳತೆ) ಏರಿಸುವ ಬೂಸ್ಟರ್ ಬಾಟಲಿ. ಹೋಗಲಿಲ್ಲವಾ, ಪ್ಲಗ್ ಬದಲು. ಅದೂ ಕೆಲಸ ಮಾಡಲಿಲ್ಲ ಅಂದರೆ ಹೆಡ್ ಬಿಚ್ಚುತ್ತಾರೆ. ಕೊನೆಗೆ ಎಲ್ಲ ಜೋಡಿಸಿ ಓಡಿಸಿದರೆ ಅದೇ ಏರು, ಅದೇ ಸದ್ದು. ಕಾರಣ ಇಷ್ಟೇ: ಸುಲಭವಾಗಿ ನೋಡಬಹುದಾದದ್ದನ್ನು ನೋಡದೆ ಕಷ್ಟದ್ದಕ್ಕೆ ಕೈಹಾಕಿರುತ್ತಾರೆ. ಒಂದೇ ಸಲ ಮೂರು ವಸ್ತು ಬದಲಾಯಿಸಿರುತ್ತಾರೆ. ಹಾಗಾಗಿ ಯಾವುದರಿಂದ ಏನಾಯಿತು ಅಂತಲೇ ಗೊತ್ತಿರುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

## ಬೇಕಾಗುವ ಸಾಮಾನು

ಟೈಮಿಂಗ್ ಲೈಟ್, ಡಿಗ್ರಿ ಡಿಸ್ಕ್, ಪ್ಲಗ್ ತೂತಿಗೆ ಹಾಕುವ ಪಿಸ್ಟನ್ ಸ್ಟಾಪ್, ಫೀಲರ್ ಗೇಜ್, ಮಲ್ಟಿಮೀಟರ್, ಕಂಪ್ರೆಷನ್ ಗೇಜ್, 100 ಮಿಲಿಯ ಗೀಟು ಹಾಕಿದ ಗಾಜಿನ ಅಳತೆ ಜಾಡಿ, ಒಂದು ಒಳ್ಳೆ ಟಾರ್ಚ್, ಭೂತಗನ್ನಡಿ. ಹೊಸ ಪ್ಲಗ್‌ಗಳು ಒಂದು ಸೆಟ್. ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನ್ಯುಯಲ್. ಒಂದು ನೋಟ್‌ಬುಕ್, ಪೆನ್ಸಿಲ್. ನೋಟ್‌ಬುಕ್ ಯಾಕೆ ಅಂತ ನಗಬೇಡಿ. ಮೂರನೇ ದಿನ ಕಾರ್ಬ್ಯುರೇಟರ್ ಸೂಜಿ ಯಾವ ಗೀರಿನಲ್ಲಿತ್ತು ಅಂತ ನೆನಪಿರುವುದಿಲ್ಲ.

ಕೈಯಲ್ಲೇ ಮಾಡಿಕೊಳ್ಳಬಹುದಾದ ಇನ್ನೊಂದು ಸಾಧನ ಇದೆ. ಒಂದು ಗೇಣಿನಷ್ಟು ತಾಮ್ರದ ಪೈಪ್ ತಗೊಳ್ಳಿ. ಒಂದು ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ತೂತು ಹೊಡೆದು, ಹೆಡ್‌ಗೆ ಹತ್ತಿರದ ಯಾವುದಾದರೂ ಎಂಜಿನ್ ಬೋಲ್ಟ್‌ಗೆ ಬಿಗಿಯಿರಿ. ಇನ್ನೊಂದು ತುದಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ, ಅದನ್ನು ಸದ್ದು ತಡೆಯುವ ಇಯರ್‌ಮಫ್‌ನ ಒಂದು ಕಿವಿಗೆ ತೂತು ಮಾಡಿ ಒಳಗೆ ಬಿಡಿ. ಸ್ಟೆತಸ್ಕೋಪ್ ಇದ್ದ ಹಾಗೆ. ಗಾಳಿ, ಸೈಲೆನ್ಸರ್ ಸದ್ದು ಕಮ್ಮಿಯಾಗಿ ನಾಕಿಂಗ್ ಮಾತ್ರ ಕಿವಿಗೆ ಬೀಳುತ್ತದೆ. ಆದರೆ ಇದನ್ನು ಹಾಕಿಕೊಂಡು ವಾಹನ ಓಡಾಡುವ ರಸ್ತೆಗೆ ಇಳಿಯಬೇಡಿ. ಖಾಲಿ ಖಾಸಗಿ ಜಾಗ ಅಥವಾ ಡೈನೋ (ಬೈಕನ್ನು ನಿಂತಲ್ಲೇ ಓಡಿಸಿ ನೋಡುವ ಯಂತ್ರ) ಇದ್ದರೆ ಮಾತ್ರ.

## ಈ ಲಕ್ಷಣ ಕಂಡರೆ ಓಡಿಸುವುದು ನಿಲ್ಲಿಸಿ

ಥ್ರಾಟಲ್ ಬಿಟ್ಟ ಮೇಲೂ ಕುಟ್ಟುವುದು ನಿಲ್ಲದಿದ್ದರೆ. ನೇರ ರಸ್ತೆಯಲ್ಲಿ ಇದ್ದಕ್ಕಿದ್ದ ಹಾಗೆ ಎಂಜಿನ್ ಬಿಗಿಯಾಗಿ ಶಕ್ತಿ ಬಿದ್ದುಹೋದರೆ. ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಸಣ್ಣ ಬೆಳ್ಳಿ ಚುಕ್ಕೆ ಕಂಡರೆ. ಪಿಂಗಾಣಿಯೇ ಒಡೆದಿದ್ದರೆ. ಬ್ರೀದರ್ ಪೈಪಿನಿಂದ ಹೊಗೆ ಒಮ್ಮೆಲೇ ಜಾಸ್ತಿಯಾದರೆ. ಆಯಿಲ್‌ನಲ್ಲಿ ಮಿನುಗುವ ಪುಡಿ ಇದ್ದರೆ.

ಇವುಗಳಲ್ಲಿ ಒಂದು ಕಂಡರೂ ಮನೆವರೆಗೆ ನಿಧಾನವಾಗಿ ಹೋಗೋಣ ಅನ್ನಬೇಡಿ. ತಳ್ಳಿಕೊಂಡು ಹೋಗಿ, ಇಲ್ಲ ಗಾಡಿಯಲ್ಲಿ ಹೇರಿಸಿ.

## ಹಂತ 1: ಸದ್ದು ಯಾವುದು ಅಂತ ಮೊದಲು ಗುರುತಿಸಿ

ಕುಟ್ಟುವ ಸದ್ದೆಲ್ಲ ನಾಕಿಂಗ್ ಅಲ್ಲ. ಮೂರು ಬೇರೆ ವಿಷಯಗಳು ಒಂದೇ ಹೆಸರಲ್ಲಿ ಓಡಾಡುತ್ತವೆ.

ಮೊದಲನೆಯದು ಡಿಟೊನೇಷನ್. ಪ್ಲಗ್ ಸರಿಯಾಗಿಯೇ ಕಿಡಿ ಕೊಟ್ಟಿರುತ್ತದೆ. ಉರಿ ಹರಡುತ್ತಾ ಹೋಗುವಾಗ, ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣ ಒತ್ತಡ ಮತ್ತು ಬಿಸಿ ತಾಳದೆ ಒಮ್ಮೆಲೇ ಸಿಡಿಯುತ್ತದೆ. ಆ ಏಟಿಗೆ ಸಿಲಿಂಡರ್ ಒಳಗಿನ ಗಾಳಿ ಗಂಟೆಯ ಹಾಗೆ ಮೊಳಗುತ್ತದೆ. ಸುಮಾರು 70 ಮಿ.ಮೀ. ಬೋರ್ (ಸಿಲಿಂಡರ್ ಒಳಗಿನ ಅಗಲ) ಇದ್ದರೆ ಅದು 7–8 ಕಿಲೋಹರ್ಟ್ಸ್ ಆಸುಪಾಸಿನ ಸದ್ದು. ಅದಕ್ಕೇ ಅದು ದಪ್ಪ ಏಟಿನ ಹಾಗಲ್ಲ, ತಗಡಿನ ಹಾಗೆ ಕೇಳುತ್ತದೆ. ಕಮ್ಮಿ ಆರ್‌ಪಿಎಂ, ಜಾಸ್ತಿ ಲೋಡ್, ಕಾದ ಎಂಜಿನ್: ಈ ಮೂರೂ ಸೇರಿದಾಗ ಬರುವುದು ಇದು.

ಎರಡನೆಯದು ಪ್ರೀ ಇಗ್ನಿಷನ್. ಇಲ್ಲಿ ಕಿಡಿಗೂ ಮೊದಲೇ ಒಳಗಿನ ಯಾವುದೋ ಕೆಂಡದಿಂದ ಮಿಶ್ರಣ ಹೊತ್ತಿಕೊಳ್ಳುತ್ತದೆ. ಅದು ಕಾರ್ಬನ್ ಚೂರು ಇರಬಹುದು, ತೀರ ಬಿಸಿಯಾದ ಪ್ಲಗ್ ತುದಿ ಇರಬಹುದು, ಹೊರಚಾಚಿದ ಪ್ಲಗ್ ಥ್ರೆಡ್ ಇರಬಹುದು. ಸದ್ದು ಅಷ್ಟಾಗಿ ಕೇಳದೆಯೂ ಇರಬಹುದು. ಇದು ಡಿಟೊನೇಷನ್‌ಗಿಂತ ಅಪಾಯ, ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ನಡುವೆ ತೂತು ಬೀಳಿಸಬಲ್ಲದು. ಒಂದರಿಂದ ಇನ್ನೊಂದು ಹುಟ್ಟುವುದೂ ಉಂಟು.

ಮೂರನೆಯದು ಬರೀ ಸವೆತದ ಸದ್ದು. ತಣ್ಣಗಿರುವಾಗ ಜೋರಾಗಿ, ಕಾದ ಮೇಲೆ ಕಮ್ಮಿಯಾದರೆ ಪಿಸ್ಟನ್ ಸ್ಲ್ಯಾಪ್, ಸಡಿಲವಾದ ಪಿಸ್ಟನ್ ಗೋಡೆಗೆ ಬಡಿಯುವುದು. ಎಂಜಿನ್ ವೇಗದ ಅರ್ಧಕ್ಕೆ ಟಿಕ್ ಟಿಕ್ ಅಂದರೆ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗದ ಸಂದು). ಕ್ಲಚ್ ಹಿಡಿದಾಗ ಸದ್ದು ಬದಲಾದರೆ ಕ್ಲಚ್ ಅಥವಾ ಪ್ರೈಮರಿ ಚೈನ್ ಕಡೆ ನೋಡಿ. ದಪ್ಪಗೆ ಧಡ್ ಧಡ್ ಅನ್ನುತ್ತಾ, ಥ್ರಾಟಲ್ ಕೊಟ್ಟಾಗಲೂ ಬಿಟ್ಟಾಗಲೂ ಬಂದರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್‌ನ ಕ್ರ್ಯಾಂಕ್ ಕಡೆಯ ಬೇರಿಂಗ್). ಹೆಡ್ ಹತ್ತಿರ ಎಕ್ಸಾಸ್ಟ್ ಲೀಕ್ ಆದರೂ ಟ್ಯಾಪೆಟ್ ಹಾಗೇ ಕೇಳುತ್ತದೆ.

ಪರೀಕ್ಷೆ ಹೀಗೆ. ಎಂಜಿನ್ ಚೆನ್ನಾಗಿ ಕಾಯಲಿ. ಏರಿನಲ್ಲಿ ಮೂರನೇ ಗೇರ್, ಸುಮಾರು 2500 ಆರ್‌ಪಿಎಂ. ನಿಧಾನವಾಗಿ ಥ್ರಾಟಲ್ ತೆರೆಯಿರಿ. ಸದ್ದು ಶುರುವಾದ ಕೂಡಲೇ ಅರ್ಧ ಮುಚ್ಚಿ. ಸದ್ದು ಆ ಕ್ಷಣವೇ ನಿಂತರೆ ಅದು ಡಿಟೊನೇಷನ್. ಅದೇ ಜಾಗದಲ್ಲಿ ಒಂದು ಗೇರ್ ಇಳಿಸಿ ಹತ್ತಿಸಿ. ಆಗ ಬರದಿದ್ದರೆ ಅನುಮಾನವೇ ಬೇಡ. ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಕುಟ್ಟಿಸಬೇಡಿ. ನಮಗೆ ಬೇಕಾಗಿರುವುದು ಸುಳಿವು, ಒಡೆದ ಪಿಸ್ಟನ್ ರಿಂಗ್ ಅಲ್ಲ.

ಪರೀಕ್ಷೆಗೆ ಮೊದಲು ಒಂದು ಸಣ್ಣ ಕೆಲಸ. ಥ್ರಾಟಲ್ ಗ್ರಿಪ್ ಮೇಲೆ ಬಿಳಿ ಟೇಪ್ ಅಂಟಿಸಿ, ಮುಚ್ಚಿದ್ದು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಐದು ಗೀಟು ಹಾಕಿ. ಪಕ್ಕದ ಹೌಸಿಂಗ್ ಮೇಲೆ ಒಂದು ಗೀಟು. ಯಾವ ಗೀಟಿನಲ್ಲಿ ಕುಟ್ಟಿತು ಅಂತ ಬರೆದುಕೊಳ್ಳಿ. ಹಂತ 5ರಲ್ಲಿ ಇದೇ ಕೈಹಿಡಿಯುವುದು.

## ಹಂತ 2: ಪೆಟ್ರೋಲ್

ಟ್ಯಾಂಕಿನಲ್ಲಿ ಇರುವುದನ್ನು ಪೂರ್ತಿ ಇಳಿಸಿ. ಕಾರ್ಬ್ಯುರೇಟರ್ ಬೌಲ್ ಕೂಡ ಖಾಲಿ ಮಾಡಿ. ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ ಬೇಡ, ಗ್ಲೌಸ್ ಹಾಕಿ. ಸಿಗುವ ಅತಿ ಹೆಚ್ಚು ಆಕ್ಟೇನ್‌ನ ಹೊಸ ಪೆಟ್ರೋಲ್ ತುಂಬಿಸಿ, ಹಂತ 1ರ ಪರೀಕ್ಷೆ ಮತ್ತೆ ಮಾಡಿ.

ಇಲ್ಲೇ ಸುಮಾರು ಜನ ಜಾರುತ್ತಾರೆ, ಪಂಪ್ ಮೇಲಿನ ಸಂಖ್ಯೆ ನೋಡಿ. ಆಕ್ಟೇನ್ ಅಳೆಯುವ ರೀತಿ ಒಂದೇ ಅಲ್ಲ. ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್) ಒಂದು, ಎಂಒಎನ್ (ಮೋಟರ್ ಆಕ್ಟೇನ್ ನಂಬರ್) ಇನ್ನೊಂದು. ಕೆಲವು ದೇಶಗಳ ಪಂಪ್‌ಗಳಲ್ಲಿ ಎರಡರ ಸರಾಸರಿ ಎಕೆಐ ಬರೆದಿರುತ್ತಾರೆ. ಎಕೆಐ 91 ಅಂದರೆ ಆರ್‌ಒಎನ್ ಲೆಕ್ಕದಲ್ಲಿ 95ರ ಆಸುಪಾಸು. ನಿಮ್ಮ ಮ್ಯಾನ್ಯುಯಲ್ ಯಾವ ಅಳತೆಯಲ್ಲಿ ಹೇಳಿದೆ, ಪಂಪ್ ಯಾವ ಅಳತೆಯಲ್ಲಿ ಹೇಳುತ್ತಿದೆ ಅಂತ ಹೊಂದಿಸಿ ನೋಡಿ.

ಇನ್ನು ಎಥನಾಲ್. "ಎಥನಾಲ್ ಬಂದ ಮೇಲೆ ಕುಟ್ಟಲು ಶುರುವಾಯಿತು" ಅನ್ನುವ ಮಾತು ಅರ್ಧ ಮಾತ್ರ ಸರಿ. ಎಥನಾಲ್ ತಾನಾಗಿ ನಾಕಿಂಗ್ ತಡೆಯುತ್ತದೆ. ಅದರ ಆರ್‌ಒಎನ್ 108ರ ಹತ್ತಿರ. ತೊಂದರೆ ಬೇರೆ ಕಡೆ ಇದೆ. ಒಂದು ಭಾಗ ಬರೀ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ, ಇ10ಗೆ (ಶೇ. 10 ಎಥನಾಲ್) ಸುಮಾರು 14.1, ಇ20ಗೆ (ಶೇ. 20) 13.5ರ ಹತ್ತಿರ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಬೈಕ್ ತಾನೇ ಸರಿಮಾಡಿಕೊಳ್ಳುತ್ತದೆ. ನಿಮ್ಮ ಹಳೆ ಕಾರ್ಬ್ಯುರೇಟರ್‌ಗೆ ಅದು ಗೊತ್ತಿಲ್ಲ, ಮೊದಲಿನಷ್ಟೇ ಇಂಧನ ಬಿಡುತ್ತದೆ. ಅಂದರೆ ಇ10ರಲ್ಲಿ ಶೇ. 4ರಷ್ಟು, ಇ20ರಲ್ಲಿ ಶೇ. 8ರಷ್ಟು ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಬೇಕಾದಷ್ಟು ಇಂಧನ ಇರುವುದಿಲ್ಲ. ಮೊದಲೇ ಸ್ವಲ್ಪ ತೆಳು ಇದ್ದ ಬೈಕ್ ಆಗ ಕುಟ್ಟಲು ಶುರುಮಾಡುತ್ತದೆ.

ನಿಮ್ಮ ಟ್ಯಾಂಕಿನಲ್ಲಿ ಎಥನಾಲ್ ಎಷ್ಟಿದೆ ಅಂತ ಅಳೆಯಿರಿ, ಹತ್ತು ನಿಮಿಷದ ಕೆಲಸ. ಅಳತೆ ಜಾಡಿಗೆ 10 ಮಿಲಿ ನೀರು ಹಾಕಿ. ಮೇಲೆ 90 ಮಿಲಿ ಪೆಟ್ರೋಲ್. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಮೆಲ್ಲಗೆ ಮುಚ್ಚಳ ಸಡಿಲಿಸಿ ಆವಿ ಬಿಡಿ, ಆಮೇಲೆ ಅಲ್ಲಾಡಿಸದೆ ಇಡಿ. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಗಿನ ಪದರದ ಗೆರೆ 10ರಿಂದ 19ಕ್ಕೆ ಏರಿದರೆ, 90 ಮಿಲಿಯಲ್ಲಿ 9 ಮಿಲಿ ಎಥನಾಲ್, ಅಂದರೆ ಶೇ. 10. ಗೆರೆ 28ಕ್ಕೆ ಬಂದರೆ ಶೇ. 20. ಪರೀಕ್ಷೆ ಮಾಡಿದ ಪೆಟ್ರೋಲ್ ಮತ್ತೆ ಟ್ಯಾಂಕಿಗೆ ಹಾಕಬೇಡಿ.

ನಿಂತ ಬೈಕಿನ ಕತೆ ಬೇರೆ. ತಿಂಗಳುಗಟ್ಟಲೆ ನಿಂತರೆ ಪೆಟ್ರೋಲಿನ ಹಗುರ ಅಂಶ ಆವಿಯಾಗುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಇ10 ಒಂದು ಲೀಟರಿಗೆ ಸುಮಾರು ಒಂದು ಟೀ ಚಮಚ ನೀರು ತಡೆದುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಸೇರಿ ತಳಕ್ಕೆ ಕೂರುತ್ತವೆ. ಮೇಲೆ ಉಳಿದ ಪೆಟ್ರೋಲ್‌ಗೆ ಎಥನಾಲ್ ಕೊಡುತ್ತಿದ್ದ ಆಕ್ಟೇನ್ ಹೋಯಿತು. ಇಂಥ ಪೆಟ್ರೋಲ್‌ಗೆ ಏನು ಬೆರೆಸಿದರೂ ದಂಡ.

ಬೂಸ್ಟರ್ ಬಾಟಲಿ ಬಗ್ಗೆ ಒಂದು ಮಾತು. ಲೇಬಲ್ ಮೇಲೆ "10 ಪಾಯಿಂಟ್ ಏರುತ್ತದೆ" ಅಂತಿದ್ದರೆ ಅದು ಬಹಳ ಸಲ 1 ಆಕ್ಟೇನ್ ಮಾತ್ರ. ಅವರ ಒಂದು ಪಾಯಿಂಟ್ ಅಂದರೆ 0.1. ಮ್ಯಾಂಗನೀಸ್ ಅಥವಾ ಕಬ್ಬಿಣದ ಅಂಶ ಇರುವ ಬೂಸ್ಟರ್‌ಗಳು ಪ್ಲಗ್ ಮೇಲೆ ಕೆಂಪು ಮಣ್ಣಿನಂಥ ಪುಡಿ ಕೂರಿಸುತ್ತವೆ. ಆಮೇಲೆ ಪ್ಲಗ್ ಬಣ್ಣ ನೋಡಿ ಏನೂ ಹೇಳಲಾಗುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಅದು ಬೇಡ. ಸೀಸದ ಬದಲಿ ದ್ರವ ಇರುವುದು ವಾಲ್ವ್ ಸೀಟಿನ ಸವೆತ ತಡೆಯಲು. ಬಹಳಷ್ಟು ಬಾಟಲಿಗಳಲ್ಲಿ ಅದರಿಂದ ಆಕ್ಟೇನ್ ಏರುವುದಿಲ್ಲ.

ಹೊಸ ಪೆಟ್ರೋಲ್‌ಗೆ ಸದ್ದು ಪೂರ್ತಿ ನಿಂತಿತಾ? ಒಳ್ಳೆಯದು. ಆದರೂ ಹಂತ 4 ಬಿಡಬೇಡಿ. ಅಂಚಿನಲ್ಲಿ ನಿಂತ ಬೈಕ್ ಬಿಸಿಲು ಏರಿದ ದಿನ ಮತ್ತೆ ಕುಟ್ಟುತ್ತದೆ.

## ಹಂತ 3: ಪ್ಲಗ್ ಏನು ಹೇಳುತ್ತದೆ

ಹೊಸ ಪ್ಲಗ್ ಹಾಕಿ, ಕುಟ್ಟುವ ಥ್ರಾಟಲ್ ಗೀಟಿಗಿಂತ ಚೂರು ಕೆಳಗೆ ಹಿಡಿದು ಒಂದೆರಡು ಕಿಲೋಮೀಟರ್ ಓಡಿಸಿ. ಆಮೇಲೆ ಸುರಕ್ಷಿತ ಜಾಗದಲ್ಲಿ ಕ್ಲಚ್ ಹಿಡಿದು, ಅದೇ ಕ್ಷಣ ಇಗ್ನಿಷನ್ ಆಫ್ ಮಾಡಿ, ಉರುಳಿಕೊಂಡೇ ನಿಲ್ಲಿ. ಮನೆವರೆಗೆ ಐಡಲ್‌ನಲ್ಲಿ ಬಂದು ನೋಡಿದರೆ ಪ್ಲಗ್ ಐಡಲ್‌ನ ಕತೆ ಹೇಳುತ್ತದೆ, ಏರಿನದ್ದಲ್ಲ.

ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಈಗಿನ ಸೀಸವಿಲ್ಲದ ಪೆಟ್ರೋಲ್‌ನಲ್ಲಿ ಪಿಂಗಾಣಿ ತುದಿ ಬಿಳಿಚಿಕೊಂಡೇ ಇರುತ್ತದೆ. ಹಳೆ ಪುಸ್ತಕದ "ಬಿಸ್ಕತ್ತಿನ ಬಣ್ಣ" ಹುಡುಕಬೇಡಿ. ಪಿಂಗಾಣಿಯ ಬುಡದಲ್ಲಿ, ಒಳಗೆ ಆಳದಲ್ಲಿ ಒಂದು ಕಂದು ಉಂಗುರ ಇದೆಯಾ ನೋಡಿ. ಅದು ಇಲ್ಲವೇ ಇಲ್ಲ ಅಂದರೆ ಮಿಶ್ರಣ ತೆಳು. ಪಿಂಗಾಣಿ ಮೇಲೆ ಮೆಣಸಿನ ಪುಡಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆ ಇದ್ದರೆ ಡಿಟೊನೇಷನ್ ಆಗುತ್ತಿದೆ. ಬೆಳ್ಳಿ ಚುಕ್ಕೆ ಇದ್ದರೆ ಅದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ.

ಪ್ಲಗ್‌ನ ಹೀಟ್ ರೇಂಜ್ (ತುದಿ ಎಷ್ಟು ಬಿಸಿ ಉಳಿಸಿಕೊಳ್ಳುತ್ತದೆ ಅನ್ನುವುದು) ಅಂಕಿ ಕಂಪನಿಯಿಂದ ಕಂಪನಿಗೆ ತಿರುವುಮುರುವು. ಎನ್‌ಜಿಕೆಯಲ್ಲಿ ಸಂಖ್ಯೆ ಏರಿದರೆ ತಂಪು: ಬಿ8ಇಎಸ್, ಬಿ7ಇಎಸ್‌ಗಿಂತ ತಂಪು. ಚಾಂಪಿಯನ್‌ನಲ್ಲಿ ಉಲ್ಟಾ: ಎನ್3, ಎನ್5ಗಿಂತ ತಂಪು. ಇದು ತಿಳಿಯದೆ "ಒಂದು ನಂಬರ್ ಮೇಲಿನದು" ಹಾಕಿ ಇನ್ನಷ್ಟು ಬಿಸಿ ಪ್ಲಗ್ ಹಾಕಿಕೊಂಡವರಿದ್ದಾರೆ. ಥ್ರೆಡ್ ಉದ್ದವನ್ನೂ ಅಳೆಯಿರಿ, 12.7 ಮಿ.ಮೀ. ಮತ್ತು 19 ಮಿ.ಮೀ. ಎರಡೂ ಹಳೆ ಬೈಕ್‌ಗಳಲ್ಲಿ ಬರುತ್ತವೆ.

ತಂಪು ಪ್ಲಗ್ ಹಾಕಿದರೆ ಡಿಟೊನೇಷನ್ ಹೋಗುತ್ತದಾ? ಇಲ್ಲ. ಪ್ಲಗ್ ತುದಿಯೇ ಕೆಂಡವಾಗಿ ಪ್ರೀ ಇಗ್ನಿಷನ್ ಆಗುತ್ತಿದ್ದರೆ ಮಾತ್ರ ಅದು ಮದ್ದು.

## ಹಂತ 4: ಟೈಮಿಂಗ್

ಪಿಸ್ಟನ್ ತೀರ ಮೇಲೆ ಬರುವುದಕ್ಕೆ ಕ್ರ್ಯಾಂಕಿನ ಎಷ್ಟು ಡಿಗ್ರಿ ಮೊದಲು ಕಿಡಿ ಬರುತ್ತದೆ ಅನ್ನುವುದೇ ಟೈಮಿಂಗ್. ಇಲ್ಲಿ ಅವಸರ ಮಾಡಬೇಡಿ. ನಾನು ನೋಡಿದ ಕುಟ್ಟುವ ಬೈಕ್‌ಗಳಲ್ಲಿ ಹೆಚ್ಚಿನವುಗಳ ರೋಗ ಇಲ್ಲೇ ಇತ್ತು, ಬೈದಿದ್ದು ಮಾತ್ರ ಪೆಟ್ರೋಲ್‌ಗೆ.

4.1 ಗುರುತನ್ನೇ ಮೊದಲು ಅನುಮಾನಿಸಿ. ಕ್ರ್ಯಾಂಕ್ ಜೊತೆ ತಿರುಗುವ ರೋಟರ್ ಮೇಲಿನ ಗೀಟು ಸರಿಯಿದೆ ಅಂತ ಯಾರು ಹೇಳಿದರು? ಐವತ್ತು ವರ್ಷದಲ್ಲಿ ರೋಟರ್ ಬದಲಾಗಿರಬಹುದು, ಕವರ್ ಬೇರೆ ಬೈಕಿನದ್ದಿರಬಹುದು. ಪ್ಲಗ್‌ಗಳನ್ನು ತೆಗೆಯಿರಿ. ಕ್ರ್ಯಾಂಕ್ ತುದಿಗೆ ಡಿಗ್ರಿ ಡಿಸ್ಕ್ ಬಿಗಿದು, ತಂತಿಯೊಂದನ್ನು ಮುಳ್ಳಿನ ಹಾಗೆ ಬಗ್ಗಿಸಿ ಇಡಿ. ಪಿಸ್ಟನ್ ಸ್ಟಾಪ್ ಹಾಕಿ, ಕೈಯಿಂದ ಮೆಲ್ಲಗೆ ಒಂದು ದಿಕ್ಕಿಗೆ ತಾಗುವವರೆಗೆ ತಿರುಗಿಸಿ, ಓದಿಕೊಳ್ಳಿ. ಇನ್ನೊಂದು ದಿಕ್ಕಿಗೆ ತಿರುಗಿಸಿ, ಓದಿಕೊಳ್ಳಿ. ಒಂದು ಕಡೆ 46, ಇನ್ನೊಂದು ಕಡೆ 52 ಬಂತು ಅನ್ನಿ. ಎರಡೂ ಕಡೆ 49 ಬರುವ ಹಾಗೆ ಮುಳ್ಳು ಸರಿಸಿ. ಈಗ ಸೊನ್ನೆ ಅಂದರೆ ನಿಜವಾದ ಟಿಡಿಸಿ, ಪಿಸ್ಟನ್ ತೀರ ಮೇಲೆ ಇರುವ ಜಾಗ. ಸ್ಟಾಪ್ ತೆಗೆದು, ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ತಂದು, ರೋಟರ್ ಗೀಟು ಎಲ್ಲಿದೆ ನೋಡಿ. ಹೊಂದದಿದ್ದರೆ ಹೊಸ ಗೀಟು ಹಾಕಿ, ಬಿಳಿ ಪೇಂಟ್ ಹಚ್ಚಿ.

ಎರಡು ಎಚ್ಚರಿಕೆ. ಸ್ಟಾಪ್ ಒಳಗಿರುವಾಗ ಕಿಕ್ಕರ್ ಮುಟ್ಟಬೇಡಿ. ಪ್ಲಗ್ ಓರೆಯಾಗಿರುವ ಹೆಡ್‌ನಲ್ಲಿ ಸ್ಟಾಪ್ ವಾಲ್ವ್‌ಗೆ ತಾಗದ ಹಾಗೆ ನೋಡಿಕೊಳ್ಳಿ.

4.2 ಪಾಯಿಂಟ್ಸ್ ಗ್ಯಾಪ್. ಪಾಯಿಂಟ್ಸ್ ಅಂದರೆ ತೆರೆದಾಗ ಕಿಡಿ ಹಾರಿಸುವ ಸಣ್ಣ ಸ್ವಿಚ್. ಟೈಮಿಂಗ್‌ಗೆ ಮೊದಲು ಗ್ಯಾಪ್, ಯಾವತ್ತೂ ಆಮೇಲೆ ಅಲ್ಲ. ಗ್ಯಾಪ್ ಜಾಸ್ತಿಯಾದರೆ ಪಾಯಿಂಟ್ಸ್ ಬೇಗ ತೆರೆಯುತ್ತದೆ, ಟೈಮಿಂಗ್ ಮುಂದೆ ಹೋಗುತ್ತದೆ. ಟೈಮಿಂಗ್ ಕೂರಿಸಿ ಆಮೇಲೆ ಗ್ಯಾಪ್ "ಸ್ವಲ್ಪ ಸರಿಮಾಡಿದರೆ" ಮಾಡಿದ ಕೆಲಸ ಕೆಟ್ಟಿತು. ಟ್ವಿನ್ ಆದರೆ ಎರಡು ಸಿಲಿಂಡರ್‌ಗೂ ಬೇರೆ ಬೇರೆ ನೋಡಿ. ಒಂದು ಸರಿ, ಇನ್ನೊಂದು ನಾಲ್ಕು ಡಿಗ್ರಿ ಮುಂದೆ ಇರುವುದು ತೀರ ಸಾಮಾನ್ಯ. ಆಗ ಒಂದು ಸಿಲಿಂಡರ್ ಮಾತ್ರ ಕುಟ್ಟುತ್ತದೆ.

4.3 ಫುಲ್ ಅಡ್ವಾನ್ಸ್ ನೋಡಿ. ವೇಗ ಏರಿದ ಹಾಗೆ ಕಿಡಿ ಇನ್ನೂ ಮುಂಚೆ ಬರುವುದೇ ಅಡ್ವಾನ್ಸ್. ಟೈಮಿಂಗ್ ಲೈಟ್ ಹಿಡಿದು ನಿಧಾನವಾಗಿ ಆರ್‌ಪಿಎಂ ಏರಿಸಿ. ಗೀಟು ಚಲಿಸುತ್ತಾ ಹೋಗಿ ಒಂದು ಕಡೆ ನಿಲ್ಲಬೇಕು. ಆ ನಿಂತ ಜಾಗವೇ ಫುಲ್ ಅಡ್ವಾನ್ಸ್. ಟ್ರಯಂಫ್ 650 ಟ್ವಿನ್‌ಗೆ ಅದು 38 ಡಿಗ್ರಿ, ನಾರ್ಟನ್ ಕಮಾಂಡೊಗೆ 28. ಒಂದೇ ಕಾಲದ ಎರಡು ಬೈಕ್‌ಗಳ ನಡುವೆಯೇ ಹತ್ತು ಡಿಗ್ರಿ ವ್ಯತ್ಯಾಸ ಇದೆ. ಹಾಗಾಗಿ ಗೆಳೆಯರ ಬೈಕಿನ ಸಂಖ್ಯೆ ನಿಮ್ಮದಕ್ಕೆ ಹಾಕಬೇಡಿ.

ಅತಿ ದೊಡ್ಡ ತಪ್ಪು ಇಲ್ಲಿ ಆಗುತ್ತದೆ. ಎಂಜಿನ್ ನಿಲ್ಲಿಸಿಕೊಂಡು, ಬಲ್ಬ್ ಹಚ್ಚಿ, ಪಾಯಿಂಟ್ಸ್ ತೆರೆಯುವುದನ್ನು ಫುಲ್ ಅಡ್ವಾನ್ಸ್ ಗೀಟಿಗೆ ಹೊಂದಿಸುತ್ತಾರೆ. ಆದರೆ ಅಡ್ವಾನ್ಸ್ ಯೂನಿಟ್‌ನ ಕ್ಯಾಮ್ ಆಗ ಹಿಂದೆ ಇರುತ್ತದೆ. ಅದನ್ನು ಪೂರ್ತಿ ತಿರುಗಿಸಿ ಹಿಡಿದೇ ಹೊಂದಿಸಬೇಕು. ಯೂನಿಟ್ ಮೇಲೆ 12 ಅಂತ ಕೊರೆದಿದ್ದರೆ ಅದು ಕ್ಯಾಮ್ ಡಿಗ್ರಿ, ಕ್ರ್ಯಾಂಕ್‌ನಲ್ಲಿ 24. ಹಿಡಿಯದೆ 38ಕ್ಕೆ ಕೂರಿಸಿದರೆ ಓಡುವಾಗ 62 ಡಿಗ್ರಿ! ಕುಟ್ಟದೆ ಇನ್ನೇನು ಮಾಡುತ್ತದೆ ಪಾಪ.

4.4 ಅಡ್ವಾನ್ಸ್ ಯೂನಿಟ್ ಬಿಚ್ಚಿ ನೋಡಿ. ಫುಲ್ ಅಡ್ವಾನ್ಸ್ ಸರಿ ಇದ್ದರೂ ಅದು ಬರುವ ಹೊತ್ತು ತಪ್ಪಿರಬಹುದು. ಒಳಗೆ ಎರಡು ತೂಕದ ತುಂಡು, ಎರಡು ಸಣ್ಣ ಸ್ಪ್ರಿಂಗ್. ಸ್ಪ್ರಿಂಗ್ ಎಳೆದು ಸಡಿಲವಾಗಿದ್ದರೆ ಪೂರ್ತಿ ಅಡ್ವಾನ್ಸ್ ಕಮ್ಮಿ ಆರ್‌ಪಿಎಂನಲ್ಲೇ ಬಂದುಬಿಡುತ್ತದೆ. ಏರಿನಲ್ಲಿ ಎಂಜಿನ್‌ಗೆ ಅದು ತೀರ ಬೇಡವಾದ ಹೊತ್ತು. ತುಕ್ಕು ಹಿಡಿದು ಮುಂದೆಯೇ ಸಿಕ್ಕಿಕೊಂಡಿದ್ದರೆ ಕಿಕ್ ಹೊಡೆಯುವಾಗ ಕಾಲಿಗೆ ತಿರುಗಿ ಹೊಡೆಯುತ್ತದೆ. ಅದೂ ಒಂದು ಸುಳಿವೇ.

ನನ್ನದೇ ಕತೆ ಹೇಳುತ್ತೇನೆ. ಮೂರು ಭಾನುವಾರ ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಬದಲಾಯಿಸಿದೆ. ನಾಲ್ಕನೇ ಭಾನುವಾರ ಪಾಯಿಂಟ್ಸ್ ಕವರ್ ತೆಗೆದು ಕ್ಯಾಮ್ ತಿರುಗಿಸಿ ಬಿಟ್ಟೆ. ಚಟಕ್ಕನೆ ಹಿಂದಕ್ಕೆ ಬರಬೇಕಾದದ್ದು ಅರ್ಧಕ್ಕೆ ಬಂದು ನಿಂತಿತು. ಬಿಚ್ಚಿದರೆ ಒಂದು ಸ್ಪ್ರಿಂಗಿನ ಕೊಕ್ಕೆ ತುಂಡಾಗಿ ತಳದಲ್ಲಿ ಬಿದ್ದಿತ್ತು, ಬೆರಳ ಉಗುರಿನಷ್ಟು. ಈ ಪರೀಕ್ಷೆಗೆ ಐದು ನಿಮಿಷವೂ ಬೇಡ, ನೀವು ಮೊದಲೇ ಮಾಡಿ.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಬ್ಯಾಟರಿ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಇಳಿದಾಗ ಕೆಲವು ಹಳೆ ಯೂನಿಟ್‌ಗಳು ತಪ್ಪು ಹೊತ್ತಲ್ಲಿ ಕಿಡಿ ಬಿಡುತ್ತವೆ. ಹ್ಯಾಂಡಲ್ ಮೇಲೆ ಅಡ್ವಾನ್ಸ್ ಲಿವರ್ ಇರುವ ಮ್ಯಾಗ್ನೆಟೊ ಬೈಕ್ ಆದರೆ ನಿಮ್ಮ ಅದೃಷ್ಟ. ಕುಟ್ಟುವಾಗ ಲಿವರ್ ಚೂರು ಹಿಂದೆ ಎಳೆಯಿರಿ, ಎಷ್ಟು ಎಳೆದರೆ ಸದ್ದು ನಿಲ್ಲುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

## ಹಂತ 5: ಮಿಶ್ರಣ ತೆಳುವಾಗಿದೆಯಾ

ಮೊದಲು ಗಾಳಿ ಸೋರಿಕೆ. ಮ್ಯಾನಿಫೋಲ್ಡ್ ರಬ್ಬರ್ ಬಿರುಕು, ಚಪ್ಪಟೆಯಾದ ಓ ರಿಂಗ್, ಅತಿ ಬಿಗಿದು ಬಾಗಿದ ಕಾರ್ಬ್ಯುರೇಟರ್ ಫ್ಲೇಂಜ್. ಐಡಲ್‌ನಲ್ಲಿ ಬಿಟ್ಟು ಜೋಡಣೆಗಳ ಸುತ್ತ ನೀರಿನ ಸಣ್ಣ ಸ್ಪ್ರೇ ಹೊಡೆಯಿರಿ, ಎಂಜಿನ್ ತಡವರಿಸಿದರೆ ಅಲ್ಲೇ ಸೋರಿಕೆ. ಕೆಲವರು ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಕಾದ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ, ನಾನಂತೂ ಹೊಡೆಯುವುದಿಲ್ಲ.

ಆಮೇಲೆ ಪೆಟ್ರೋಲ್ ಹರಿವು. ಬೌಲ್‌ಗೆ ಹೋಗುವ ಪೈಪ್ ತೆಗೆದು ಜಾಡಿಗೆ ಬಿಡಿ. ಒಂದೇ ಸಮ ಬರಬೇಕು. ನಿಂತು ನಿಂತು ಬಂದು, ಟ್ಯಾಂಕ್ ಮುಚ್ಚಳ ತೆಗೆದ ಕೂಡಲೇ ಜೋರಾದರೆ ಮುಚ್ಚಳದ ಗಾಳಿತೂತು ಮುಚ್ಚಿದೆ. ಫೈಬರ್ ಗ್ಲಾಸ್ ಟ್ಯಾಂಕ್ ಅಥವಾ ಹಳೆಯ ಸೀಲರ್ ಹಚ್ಚಿದ ಟ್ಯಾಂಕ್ ಆದರೆ ಜೆಟ್ ಒಳಗೆ ಅಂಟಿನಂಥ ಪದಾರ್ಥ ಇದೆಯಾ ನೋಡಿ. ಎಥನಾಲ್ ಅದನ್ನು ಕರಗಿಸಿ ತಂದು ಜೆಟ್‌ನಲ್ಲಿ ಕೂರಿಸುತ್ತದೆ. ಫ್ಲೋಟ್ ಮಟ್ಟವನ್ನೂ ಇದೇ ಸಲ ಅಳೆದುಬಿಡಿ.

ಇವೆಲ್ಲ ಸರಿ ಇದ್ದರೆ ಚೋಕ್ ಪರೀಕ್ಷೆ. ಕುಟ್ಟುವ ಏರಿನಲ್ಲಿ ಚೋಕ್ ಸ್ವಲ್ಪವೇ ಎಳೆಯಿರಿ. ಸದ್ದು ಕಮ್ಮಿಯಾಯಿತಾ? ಮಿಶ್ರಣ ತೆಳು ಅಂತ ಬೈಕೇ ಹೇಳಿತು. ಬದಲಾಗಲಿಲ್ಲವಾ? ಜೆಟ್ ಮುಟ್ಟಬೇಡಿ.

ಯಾವುದನ್ನು ಬದಲಾಯಿಸಬೇಕು ಅನ್ನುವುದನ್ನು ಗ್ರಿಪ್ ಮೇಲಿನ ಟೇಪ್ ಹೇಳುತ್ತದೆ. ಕಾಲಿನಿಂದ ಮುಕ್ಕಾಲಿನವರೆಗೆ ಕುಟ್ಟಿದರೆ ಸೂಜಿಯನ್ನು ಒಂದು ಗೀರು ಮೇಲೆತ್ತಿ. ಮುಕ್ಕಾಲಿನ ಮೇಲೆ ಮಾತ್ರ ಕುಟ್ಟಿದರೆ ಮೇನ್ ಜೆಟ್. ಎಲ್ಲರೂ ಮೇನ್ ಜೆಟ್ ಬದಲಾಯಿಸುತ್ತಾರೆ, ಏರಿನಲ್ಲಿ ಅರ್ಧ ಥ್ರಾಟಲ್‌ನಲ್ಲಿ ಕುಟ್ಟುವ ಬೈಕಿಗೆ ಅದರಿಂದ ಏನೂ ಆಗುವುದಿಲ್ಲ. ಅಮಲ್ ಕಾರ್ಬ್ಯುರೇಟರ್ ಜೆಟ್ ಸಂಖ್ಯೆ ಹರಿವಿನ ಲೆಕ್ಕ, 200ರಿಂದ 210 ಅಂದರೆ ಶೇ. 5 ಜಾಸ್ತಿ. ಕೈಹಿನ್‌ನಲ್ಲಿ ತೂತಿನ ಅಗಲದ ಲೆಕ್ಕ. 110ರಿಂದ 112ಕ್ಕೆ ಹೋದರೆ ತೂತಿನ ವಿಸ್ತಾರ ಶೇ. 4ರ ಹತ್ತಿರ ಏರುತ್ತದೆ. ಇ10ಗೆ ಸರಿದೂಗಿಸಲು ಒಂದು ಮೆಟ್ಟಿಲು ಸಾಕಾಗುತ್ತದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

## ಹಂತ 6: ಶಾಖ

ಇದು ಚಿಕ್ಕ ಹಂತ. ಫಿನ್‌ಗಳ ನಡುವೆ ಮಣ್ಣು, ಆಯಿಲ್ ಜಿಡ್ಡು ತುಂಬಿದ್ದರೆ ತೊಳೆಯಿರಿ. ದಪ್ಪ ಪೇಂಟ್ ಬಳಿದಿದ್ದರೆ ಅದೂ ಬಿಸಿ ತಡೆಯುತ್ತದೆ. ಆಯಿಲ್ ಮಟ್ಟ, ಆಯಿಲ್ ಟ್ಯಾಂಕಿಗೆ ವಾಪಸ್ ಬರುತ್ತಿದೆಯಾ ನೋಡಿ. ಬ್ರೇಕ್ ಉಜ್ಜುತ್ತಿದ್ದರೆ ಎಂಜಿನ್‌ಗೆ ಸುಮ್ನೆ ಲೋಡ್.

ಗೇರ್ ವಿಷಯ ಹೇಳಲೇಬೇಕು. ಟಾಪ್ ಗೇರ್‌ನಲ್ಲಿ ಕಮ್ಮಿ ವೇಗದಲ್ಲಿ ಎಳೆಯುವುದು ಹಳೆ ಬೈಕಿನ ಸೊಗಸು ಅಂತ ಬಹಳ ಜನ ತಿಳಿದಿದ್ದಾರೆ. ಹೈ ಕಂಪ್ರೆಷನ್ ಎಂಜಿನ್‌ಗೆ ಅದು ಹಿಂಸೆ.

## ಹಂತ 7: ಕಾರ್ಬನ್ ಮತ್ತು ನಿಜವಾದ ಕಂಪ್ರೆಷನ್

ಇಲ್ಲಿವರೆಗೆ ಬಂದೂ ಕುಟ್ಟುತ್ತಿದ್ದರೆ ಮಾತ್ರ ಒಳಗೆ ನೋಡುವ ಹೊತ್ತು ಬಂತು. ಮೊದಲು ಬಿಚ್ಚದೆ: ಎಂಜಿನ್ ಕಾದಿರಲಿ, ಪ್ಲಗ್ ಎಲ್ಲ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಮಾಡಿ. ಥ್ರಾಟಲ್ ತೆರೆಯುವುದನ್ನು ಮರೆತರೆ ಓದಿದ್ದು ಸುಳ್ಳು. ಎರಡು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಕಡೆ ಮಾತ್ರ ಏರಿದ್ದರೆ ಅಲ್ಲಿ ಕಾರ್ಬನ್ ಕೂತಿರಬಹುದು. ವಾಲ್ವ್ ಗೈಡ್ ಸವೆದು ಆಯಿಲ್ ಇಳಿಯುವ ಎಂಜಿನ್‌ನಲ್ಲಿ ಇದು ಮಾಮೂಲು. ಅದರ ಮೇಲೆ, ಉರಿಯುವ ಜಾಗಕ್ಕೆ ಬಂದ ಆಯಿಲ್ ಮಿಶ್ರಣದ ಆಕ್ಟೇನನ್ನೂ ಇಳಿಸುತ್ತದೆ.

ಸಣ್ಣ ಕ್ಯಾಮೆರಾ ಇದ್ದರೆ ಪ್ಲಗ್ ತೂತಿನಿಂದ ಇಣುಕಿ ನೋಡಿ. ಪಿಸ್ಟನ್ ಅಂಚು ಮರಳು ಚಿಮ್ಮಿಸಿದ ಹಾಗೆ ಗುಳಿಗುಳಿಯಾಗಿದ್ದರೆ ಅದು ಡಿಟೊನೇಷನ್ ಗುರುತು. ನಡುವೆ ಕರಗಿದ ಹಾಗಿದ್ದರೆ ಪ್ರೀ ಇಗ್ನಿಷನ್.

ಹೆಡ್ ಬಿಚ್ಚಿದ ಮೇಲೆ ಕಾರ್ಬನ್ನನ್ನು ಮರ ಅಥವಾ ಪ್ಲಾಸ್ಟಿಕ್ ಚೂರಿನಿಂದ ಕೆರೆಯಿರಿ. ತಂತಿ ಬ್ರಷ್ ಬೇಡ, ಅಲ್ಯೂಮಿನಿಯಂ ಮೆತ್ತಗೆ. ಹಾಗೇ ಒಂದು ಲೆಕ್ಕ ಮಾಡಿಬಿಡಿ. ಹಿಂದಿನ ಮಾಲೀಕರು ಯಾವ ಪಿಸ್ಟನ್ ಹಾಕಿಸಿದ್ದಾರೆ, ಹೆಡ್ ಎಷ್ಟು ತೇಯಿಸಿದ್ದಾರೆ ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುವುದಿಲ್ಲ.

71 ಮಿ.ಮೀ. ಬೋರ್, 82 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇರುವ 650 ಟ್ವಿನ್ ತಗೊಳ್ಳಿ. ಒಂದು ಸಿಲಿಂಡರ್ ಸುಮಾರು 325 ಸಿಸಿ. ಹೆಡ್ ಜೋಡಿಸಿ, ವಾಲ್ವ್ ಮುಚ್ಚಿದ ಟಿಡಿಸಿಯಲ್ಲಿ, ಪ್ಲಗ್ ತೂತು ಮೇಲೆ ಬರುವ ಹಾಗೆ ಎಂಜಿನ್ ಓರೆ ಮಾಡಿ, ಸಿರಿಂಜ್‌ನಿಂದ ತೆಳು ಆಯಿಲ್ ತುಂಬಿಸಿ ಅಳೆಯಿರಿ. ಪ್ಲಗ್ ಥ್ರೆಡ್ ಜಾಗದಷ್ಟು ಕಳೆಯಿರಿ. 36 ಸಿಸಿ ಬಂತು ಅನ್ನಿ. 325ಕ್ಕೆ 36 ಕೂಡಿಸಿ 36ರಿಂದ ಭಾಗಿಸಿದರೆ 10, ಅಂದರೆ ಕಂಪ್ರೆಷನ್ 10:1. ಅದೇ 42 ಸಿಸಿ ಇದ್ದರೆ 8.7. ಆರೇ ಸಿಸಿ! ಆಯಿಲ್ ತುಂಬಿದ ಮೇಲೆ ಎಂಜಿನ್ ತಿರುಗಿಸಬೇಡಿ, ಮೊದಲು ಎಲ್ಲ ಹೀರಿ ತೆಗೆಯಿರಿ.

ಆ ಆರು ಸಿಸಿ ಸಿಗುವುದು ಹೇಗೆ? ಬ್ಯಾರೆಲ್ ಕೆಳಗೆ 1.5 ಮಿ.ಮೀ. ಪ್ಲೇಟ್ ಹಾಕಿದರೆ ಈ ಬೋರ್‌ನಲ್ಲಿ ಸರಿಯಾಗಿ ಅಷ್ಟೇ. ಆದರೆ ಪುಶ್‌ರಾಡ್ ಅಷ್ಟು ಗಿಡ್ಡವಾದಂತಾಗುತ್ತದೆ, ಟ್ಯಾಪೆಟ್ ಹೊಂದಿಸುವ ಜಾಗ ಉಳಿದಿದೆಯಾ ನೋಡಿ. ಓವರ್‌ಹೆಡ್ ಕ್ಯಾಮ್ ಆದರೆ ಕ್ಯಾಮ್ ಟೈಮಿಂಗ್ ಹಿಂದೆ ಮುಂದೆ ಆಗುತ್ತದೆ. ಹೆಡ್‌ನಲ್ಲಿ ಸ್ಕ್ವಿಶ್ ಅಂಚು (ಪಿಸ್ಟನ್ ಮೇಲೆ ಬಂದಾಗ ಅದಕ್ಕೆ ತೀರ ಹತ್ತಿರವಾಗುವ ಚಪ್ಪಟೆ ಅಂಚು) ಇದ್ದರೆ ಪ್ಲೇಟ್ ಹಾಕಲೇಬೇಡಿ. ಆ ಸಂದು ಅಗಲವಾದರೆ ಕಂಪ್ರೆಷನ್ ಇಳಿದರೂ ಕುಟ್ಟುವುದು ಉಳಿಯಬಹುದು. ಅಲ್ಲಿ ಲೋ ಕಂಪ್ರೆಷನ್ ಪಿಸ್ಟನ್ನೇ ಸರಿ.

## ಹಂತ 8: ಎಲ್ಲ ಸರಿಯಿದ್ದೂ ಅಂಚಿನಲ್ಲಿ ಕುಟ್ಟಿದರೆ

10:1 ಕಂಪ್ರೆಷನ್ ಇರುವ 1972ರ ಕಮಾಂಡೊ ಕಾಂಬ್ಯಾಟ್‌ನಂಥ ಎಂಜಿನ್‌ಗೆ ಸಿಗುವ ಪೆಟ್ರೋಲ್ ಸಾಲದೆ ಇರಬಹುದು. ಆಗ ಟೈಮಿಂಗನ್ನು 2 ಡಿಗ್ರಿ ಹಿಂದೆ ತಂದು ಅದೇ ಏರಿನಲ್ಲಿ ನೋಡಿ. ಬೇಕಾದರೆ ಇನ್ನೂ 2. ನಾನು 4 ದಾಟುವುದಿಲ್ಲ. ಹೆಚ್ಚು ಹಿಂದೆ ಹೋದರೆ ಉರಿ ಎಕ್ಸಾಸ್ಟ್‌ನಲ್ಲೂ ಮುಂದುವರಿಯುತ್ತದೆ. ಪೈಪ್ ನೀಲಿಯಾಗುತ್ತದೆ, ವಾಲ್ವ್ ಸುಡುತ್ತದೆ, ಪಿಕಪ್ ಹೋಗುತ್ತದೆ. 4 ಡಿಗ್ರಿಗೂ ನಿಲ್ಲದಿದ್ದರೆ ಕಂಪ್ರೆಷನ್ ಇಳಿಸುವುದೇ ದಾರಿ. ಹೆಡ್‌ಗೆ ಎರಡನೇ ಪ್ಲಗ್ ಕೂರಿಸಿದರೆ ಉರಿ ಬೇಗ ಮುಗಿಯುವುದರಿಂದ ಅಡ್ವಾನ್ಸ್ ಕಮ್ಮಿ ಸಾಕು. ಆದರೆ ಅದು ನುರಿತ ಮಷಿನಿಂಗ್ ಕೆಲಸ.

ಟೊಲುಯೀನ್, ವಿಮಾನದ ಪೆಟ್ರೋಲ್ ತಂದು ಮನೆಯಲ್ಲಿ ಬೆರೆಸುವ ಯೋಚನೆ ಬಿಡಿ. ಮೊದಲನೆಯದರ ಆವಿ ವಿಷ. ಎರಡನೆಯದರಲ್ಲಿ ಹೆಚ್ಚಾಗಿ ಸೀಸ ಇರುತ್ತದೆ, ರಸ್ತೆ ವಾಹನಕ್ಕೆ ಅನುಮತಿಯೂ ಬಹಳ ಕಡೆ ಇಲ್ಲ.

ಸದ್ದು ನಿಂತ ಮೇಲೆ ಅದೇ ಏರಿನಲ್ಲಿ, ಅಷ್ಟೇ ಕಾದ ಎಂಜಿನ್‌ನಲ್ಲಿ, ಅದೇ ಗೇರಿನಲ್ಲಿ ಮೂರು ಸಲ ಹತ್ತಿಸಿ. ಹೊಸ ಪ್ಲಗ್ ಹಾಕಿ 200 ಕಿಲೋಮೀಟರ್ ಓಡಿಸಿ, ಬಿಚ್ಚಿ, ಭೂತಗನ್ನಡಿಯಲ್ಲಿ ಚುಕ್ಕೆ ಹುಡುಕಿ. ಒಂದೂ ಇಲ್ಲದಿದ್ದರೆ ಗ್ರಿಪ್ ಮೇಲಿನ ಟೇಪ್ ಕಿತ್ತುಹಾಕಿ.